ಬಿಳಿ ಕಲ್ಲಿನ ಬೆನ್ನು ಹತ್ತಿದ ಫೂಟ್ ಸಾಹೇಬರು

ಬೆಲ್ಲದ ಬಾಗೇವಾಡಿ, ಹುಕ್ಕೇರಿ ಕಡೆಯ ನೆಲ ಕಪ್ಪು ಬಸಾಲ್ಟಿನದು. ಗೋಕಾಕದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಧುಮುಕುವುದು ಮಾತ್ರ ಗಟ್ಟಿ ಕ್ವಾರ್ಟ್‌ಜೈಟ್ ಮೇಲಿಂದ. ನಮ್ಮ ಸೀಮೆಯ ಈ ಕಲ್ಲುಗಳ ಬಗ್ಗೆ ಊರೂರು ತಿರುಗಿ ಬರೆದವರು ರಾಬರ್ಟ್ ಬ್ರೂಸ್ ಫೂಟ್.

1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಹುಟ್ಟಿದ ಫೂಟ್, 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸೇರಿದರು. 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಅವರಿಗೆ ಸಿಕ್ಕ ಕಲ್ಲಿನ ಕೈಕೊಡಲಿ ಭಾರತದ ಪ್ರಾಗಿತಿಹಾಸದ ಬಾಗಿಲನ್ನೇ ತೆರೆಯಿತು. ಗೋಕಾಕದ ಹತ್ತಿರ ಸಿಕ್ಕ ಘೇಂಡಾಮೃಗದ ಪಳೆಯುಳಿಕೆಯ ಬಗ್ಗೆ 1874ರಲ್ಲಿ ಬರೆದರು. ಹೌದು, ನಮ್ಮಲ್ಲೂ ಘೇಂಡಾಮೃಗ ಇತ್ತು! ದಕ್ಷಿಣ ಮರಾಠಾ ಸೀಮೆಯ ಭೂರಚನೆ ಕುರಿತ ಅವರ ದೊಡ್ಡ ವರದಿ ಬಂದದ್ದು 1876ರಲ್ಲಿ.

1874ರಲ್ಲೇ ಅವರು ಡಂಬಳದ ಗುಡ್ಡಗಳ ಚಿನ್ನದ ಬಗ್ಗೆಯೂ ಬರೆದರು. ಅಲ್ಲಿ ಜಲಗಾರರು ಹಳ್ಳದ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದರು. ಗುಡ್ಡದ ತುಂಬ ಬಿಳಿ ಕ್ವಾರ್ಟ್ಜ್ ಎಳೆಗಳು. ಆದರೆ ಎಲ್ಲದರಲ್ಲೂ ಚಿನ್ನ ಇರಲಿಲ್ಲ. ಇದು ಬರೀ ಕುತೂಹಲದ ಪ್ರಶ್ನೆ ಅಲ್ಲ: ಮುಂದೆ 20ನೇ ಶತಮಾನದ ಆರಂಭದಲ್ಲಿ ಗದಗ ಸೀಮೆಯಲ್ಲಿ ಗಣಿ ತೋಡಿದ ಕಂಪನಿಗಳು ಬಹಳ ದಿನ ಬಾಳಲಿಲ್ಲ.

1880ರ ದಶಕದಲ್ಲಿ ಫೂಟ್ ಈ ಹಳೆಯ ಶಿಸ್ಟ್ ಕಲ್ಲುಗಳಿಗೆ 'ಧಾರವಾಡ' ಎಂದು ಹೆಸರಿಟ್ಟು, ದಕ್ಷಿಣ ಭಾರತದ ಚಿನ್ನ ಮುಖ್ಯವಾಗಿ ಇವುಗಳಲ್ಲೇ ಇದೆ ಎಂದು ತೋರಿಸಿದರು. ಎಲ್ಲಿ ಅನ್ನೋದು ಗೊತ್ತಾಯಿತು. ಹೇಗೆ ಅನ್ನೋದಕ್ಕೆ ಖನಿಜಗಳ ರಸಾಯನಶಾಸ್ತ್ರ ಬೇಕಾಯಿತು.

ಭೂಮಿಯ ಆಳದಲ್ಲಿ ನೂರಾರು ಡಿಗ್ರಿ ಕಾದ ನೀರು ಸಿಲಿಕಾವನ್ನು ಕರಗಿಸಿಕೊಳ್ಳುತ್ತದೆ. ಚಿನ್ನ ಗಂಧಕದ ಜೊತೆ ಸೇರಿ ಅದೇ ನೀರಲ್ಲಿ ಸಾಗುತ್ತದೆ. ಬಂಡೆ ಬಿರುಕು ಬಿಟ್ಟಾಗ ಒತ್ತಡ ಇಳಿದು, ಸಿಲಿಕಾ ಹರಳುಗಟ್ಟಿ ಕ್ವಾರ್ಟ್ಜ್ ಎಳೆಯಾಗುತ್ತದೆ. ಪಕ್ಕದ ಬಂಡೆಯಲ್ಲಿ ಕಬ್ಬಿಣ ಹೇರಳವಾಗಿದ್ದರೆ ಅದು ಗಂಧಕವನ್ನು ಎಳೆದುಕೊಂಡು ಪೈರೈಟ್ ಆಗುತ್ತದೆ. ಜೊತೆಗಾರ ಬಿಟ್ಟುಹೋದ ಚಿನ್ನ ಅಲ್ಲೇ ಕೂತುಬಿಡುತ್ತದೆ. ಹಾಗಾಗಿ ಎಳೆಯ ಬಿಳುಪಷ್ಟೇ ನೋಡಿದರೆ ಸಾಲದು, ಅಕ್ಕಪಕ್ಕದ ಕಲ್ಲನ್ನೂ ನೋಡಬೇಕು. ಕ್ಲೋರೈಟಿನಲ್ಲಿ ಅಲ್ಯುಮಿನಿಯಂ ಎಷ್ಟು, ಆರ್ಸೆನೋಪೈರೈಟಿನಲ್ಲಿ ಆರ್ಸೆನಿಕ್ ಎಷ್ಟು ಅಂತ ಅಳೆದರೆ ಅವು ಎಷ್ಟು ಬಿಸಿಯಲ್ಲಿ ಹುಟ್ಟಿದವು ಎಂದು ಅಂದಾಜಿಸಬಹುದು. ಕ್ವಾರ್ಟ್ಜ್ ಒಳಗೆ ಸಿಕ್ಕಿಬಿದ್ದ ಹನಿಗಳಲ್ಲಿ ಆ ಹಳೆಯ ನೀರೇ ಉಳಿದಿರುತ್ತದೆ.

ಅಂದಹಾಗೆ, ಗೋಕಾಕದ ಕ್ವಾರ್ಟ್‌ಜೈಟ್ ಈ ಜಾತಿಯದಲ್ಲ. ಅದು ಮರಳು ಗಟ್ಟಿಯಾಗಿ ಆದದ್ದು.

ಫೂಟ್ 1891ರಲ್ಲಿ ನಿವೃತ್ತರಾದರು. ಆಮೇಲೆ ಬರೋಡಾ ಸಂಸ್ಥಾನಕ್ಕೂ ಕೆಲಸ ಮಾಡಿ ಏರ್ಕಾಡಿನಲ್ಲಿ ನೆಲೆಸಿದರು. ಅವರು ಕೂಡಿಟ್ಟ ಶಿಲಾಯುಧಗಳು 1904ರಲ್ಲಿ ಮದ್ರಾಸ್ ಮ್ಯೂಸಿಯಂ ಸೇರಿದವು. 1912ರ ಡಿಸೆಂಬರ್ 29ರಂದು ತೀರಿಕೊಂಡರು. ಅವರು ಹೆಸರಿಟ್ಟ ಧಾರವಾಡ ಶಿಲೆಗಳಲ್ಲೇ ಹಟ್ಟಿಯ ಗಣಿ ಇವತ್ತೂ ಚಿನ್ನ ತೆಗೆಯುತ್ತಿದೆ.