ಯಂತ್ರಕ್ಕೆ ಮಾತು ಕಲಿಸಿದ ಗ್ರೇಸ್ ಹಾಪರ್

ಕಂಪ್ಯೂಟರ್ ಕಲಿಯಲು ಈಗ ಬೇಕಾದಷ್ಟು ಪುಸ್ತಕಗಳಿವೆ. ಅಂಥ ಪುಸ್ತಕವೇ ಇಲ್ಲದ ಕಾಲದಲ್ಲಿ ಕಂಪ್ಯೂಟರ್ ಕಲಿತು, ಬೇರೆಯವರಿಗಾಗಿ ತಾವೇ ಪುಸ್ತಕ ಬರೆದವರು ಗ್ರೇಸ್ ಹಾಪರ್. ಅವರ ಬಗ್ಗೆ ನನಗೆ ತಿಳಿದದ್ದನ್ನು ಬರೆದಿದ್ದೇನೆ.

ಇವರು 1906ನೇ ಇಸವಿ ಡಿಸೆಂಬರ್ 9ರಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. 7 ವರ್ಷದವರಿದ್ದಾಗ ಅಲಾರಂ ಗಡಿಯಾರದ ಒಳಗೆ ಏನಿದೆ ಅಂತ ನೋಡಲು ಒಂದನ್ನು ಬಿಚ್ಚಿದರು. ವಾಪಸ್ ಜೋಡಿಸಲು ಬರಲಿಲ್ಲ. ಅದನ್ನು ತಿಳಿಯಲು ಇನ್ನೊಂದು ಬಿಚ್ಚಿದರು. ಹೀಗೆ ಮನೆಯ 7 ಗಡಿಯಾರಗಳೂ ಬಿಚ್ಚಿಹೋದವು! ಇನ್ನು ಮೇಲೆ ಒಂದನ್ನು ಮಾತ್ರ ಮುಟ್ಟಬೇಕು ಅಂತ ತಾಯಿ ಹೇಳಿದರಂತೆ, ಅಷ್ಟೇ. ನಮ್ಮ ಮನೆಯಲ್ಲಾಗಿದ್ದರೆ ಒಂದಕ್ಕೇ ಬೆನ್ನಿಗೆ ಬೀಳುತ್ತಿತ್ತು.

1934ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಗಣಿತದ ಡಾಕ್ಟರೇಟ್ ಪಡೆದರು. ವಾಸರ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಎರಡನೇ ಮಹಾಯುದ್ಧ ಬಂತು. ನೌಕಾಪಡೆ ಸೇರಲು ಅವರ ತೂಕ ಸಾಲದಾಗಿತ್ತು. ಆದರೂ ವಿಶೇಷ ಅನುಮತಿ ಪಡೆದು 1943ರಲ್ಲಿ ಸೇರಿಯೇಬಿಟ್ಟರು.

1944ರಲ್ಲಿ ಅವರನ್ನು ಹಾರ್ವರ್ಡ್‌ಗೆ ಕಳಿಸಿದರು. ಅಲ್ಲಿ ಮಾರ್ಕ್ 1 ಎಂಬ ಲೆಕ್ಕದ ಯಂತ್ರ ಇತ್ತು. 51 ಅಡಿ ಉದ್ದ, 8 ಅಡಿ ಎತ್ತರ! ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ಅದಕ್ಕೆ ಕೆಲಸ ಹೇಳಬೇಕಿತ್ತು. ಮೇಲಧಿಕಾರಿ ಹೋವರ್ಡ್ ಐಕನ್ ಈ ಯಂತ್ರದ ಬಗ್ಗೆ ಪುಸ್ತಕ ಬರೆಯಬೇಕೆಂದು ಹಾಪರ್‌ಗೆ ಆಜ್ಞೆ ಮಾಡಿದರು. ಹಾಪರ್ ಅದುವರೆಗೆ ಪುಸ್ತಕ ಬರೆದವರಲ್ಲ. ಆದರೆ ನೌಕಾಪಡೆಯಲ್ಲಿ ಆಗಲ್ಲ ಅನ್ನುವ ಹಾಗಿಲ್ಲವಲ್ಲ! 500ಕ್ಕೂ ಹೆಚ್ಚು ಪುಟಗಳ ಆ ಪುಸ್ತಕ 1946ರಲ್ಲಿ ಅಚ್ಚಾಯಿತು. ಅದರ ಹೆಚ್ಚಿನ ಭಾಗ ಬರೆದವರು ಹಾಪರ್ ಅವರೇ.

ಆಗ ಪ್ರೋಗ್ರಾಂ ಬರೆಯುವವರು ಸರಿಯಾಗಿ ಬಂದ ಸೂಚನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಬೇಕಾದಾಗ ಒಬ್ಬರದನ್ನು ಇನ್ನೊಬ್ಬರು ನೋಡಿ ಬರೆಯುತ್ತಿದ್ದರು. ಹಾಗೆ ಬರೆಯುವಾಗ ಒಂದಂಕಿ ತಪ್ಪಿದರೂ ಎಲ್ಲಾ ಕೆಟ್ಟಂತೆಯೇ. ಈ ನಕಲು ಕೆಲಸವನ್ನು ಯಂತ್ರವೇ ಯಾಕೆ ಮಾಡಬಾರದು ಎಂದು ಹಾಪರ್ ಯೋಚಿಸಿದರು. ಲೈಬ್ರರಿ ಪುಸ್ತಕಗಳಿಗೆ ನಂಬರ್ ಹಾಕುವಂತೆ ಸೂಚನೆಗಳ ತುಂಡುಗಳಿಗೆ ನಂಬರ್ ಕೊಟ್ಟರು. ನಂಬರ್ ಹೇಳಿದರೆ ಸಾಕು, ಯಂತ್ರವೇ ಹುಡುಕಿ ಜೋಡಿಸುತ್ತಿತ್ತು. 1952ರಲ್ಲಿ ಮಾಡಿದ ಇದಕ್ಕೆ ಕಂಪೈಲರ್ ಅಂತ ಹೆಸರಿಟ್ಟರು. ಯಂತ್ರ ಲೆಕ್ಕ ಮಾತ್ರ ಮಾಡುತ್ತದೆ, ಪ್ರೋಗ್ರಾಂ ಬರೆಯುವುದಿಲ್ಲ ಅಂತ ಬಹಳ ಜನ ನಂಬಲೇ ಇಲ್ಲ.

ಆಮೇಲೆ ಹಾಪರ್ ಅಂಕಿಗಳನ್ನು ಬಿಟ್ಟು ಇಂಗ್ಲಿಷ್ ಪದಗಳಲ್ಲೇ ಸೂಚನೆ ಬರೆಯುವಂತೆ ಮಾಡಿದರು. ಅದನ್ನು ಕಂಪನಿಯವರಿಗೆ ತೋರಿಸುವಾಗ ಅದೇ ಪ್ರೋಗ್ರಾಮನ್ನು ಫ್ರೆಂಚ್ ಪದಗಳಲ್ಲೂ ಜರ್ಮನ್ ಪದಗಳಲ್ಲೂ ನಡೆಸಿದರು. ಕಂಪನಿಯವರಿಗೆ ಗಾಬರಿಯಾಯಿತು! ಅಮೆರಿಕದಲ್ಲಿ ಹುಟ್ಟಿದ ಯಂತ್ರಕ್ಕೆ ಬೇರೆ ಭಾಷೆ ಹೇಗೆ ಬರುತ್ತದೆ ಅಂತ. ಇಂಗ್ಲಿಷ್ ಮಾತ್ರ ಬಳಸುತ್ತೇವೆ ಎಂದು ಅವರನ್ನು ಸಮಾಧಾನ ಮಾಡಲು 4 ತಿಂಗಳು ಹಿಡಿಯಿತಂತೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಯಂತ್ರಕ್ಕೆ ಇಂಗ್ಲಿಷೂ ಬರುವುದಿಲ್ಲ. ಯಾವ ಪದಕ್ಕೆ ಯಾವ ಕೆಲಸ ಎಂದು ಕಂಪೈಲರಿಗೆ ಮೊದಲೇ ಹೇಳಿರುತ್ತಾರೆ, ಅಷ್ಟೇ. ಹಾಗಾದರೆ ಕೂಡು, ಕಳೆ, ಬರೆ ಅಂತ ಕನ್ನಡದಲ್ಲಿ ಹೇಳಿದರೂ ನಡೆಯಬೇಕಲ್ಲ! ಇಂಗ್ಲಿಷ್ ಬಾರದವರಿಗೆ ಕಂಪ್ಯೂಟರ್ ಬರಲ್ಲ ಅನ್ನುವವರು ಇದನ್ನು ಓದಬೇಕು.

ಹಾಪರ್ ಅವರ ಭಾಷೆಯನ್ನೇ ಹೆಚ್ಚಾಗಿ ಅನುಸರಿಸಿ 1959ರಲ್ಲಿ ಕೋಬಾಲ್ ಭಾಷೆಯ ಕೆಲಸ ಶುರುವಾಯಿತು. ಇಂದಿಗೂ ಅನೇಕ ಬ್ಯಾಂಕುಗಳ ಲೆಕ್ಕ ಕೋಬಾಲ್‌ನಲ್ಲೇ ನಡೆಯುತ್ತದೆ.

ವಯಸ್ಸಾದ ಮೇಲೆ ಊರೂರು ತಿರುಗಿ ಭಾಷಣ ಮಾಡುತ್ತಿದ್ದರು. ಸುಮಾರು 30 ಸೆಂಟಿಮೀಟರ್ ಉದ್ದದ ತಂತಿ ತುಂಡುಗಳನ್ನು ಹಂಚುತ್ತಿದ್ದರು, ನಮ್ಮ ಉದ್ದ ಸ್ಕೇಲಿನಷ್ಟು. ಒಂದು ಸೆಕೆಂಡಿನ 100 ಕೋಟಿಯಲ್ಲಿ ಒಂದು ಭಾಗದಲ್ಲಿ ಬೆಳಕು ಹೋಗುವುದು ಅಷ್ಟೇ ದೂರವಂತೆ. ಅವರ ಕಚೇರಿಯ ಗಡಿಯಾರ ಉಲ್ಟಾ ತಿರುಗುತ್ತಿತ್ತು!

1986ರಲ್ಲಿ ತಮ್ಮ 79ನೇ ವಯಸ್ಸಿನಲ್ಲಿ ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು. 1992ರ ಜನವರಿ 1ರಂದು ತೀರಿಕೊಂಡರು. ಅವರ ಸಮಾಧಿ ಆರ್ಲಿಂಗ್ಟನ್‌ನಲ್ಲಿ ಸೈನಿಕರ ಸಮಾಧಿಗಳ ನಡುವೆ ಇದೆ.