ಕಾಯಿಲೆಗೆ ಹೆಸರಾದ ಡಾಕ್ಟರು, ಕೈತಪ್ಪಿದ ಹುದ್ದೆ

ಲಿಂಫೋಮಾ ಅನ್ನೋ ಕ್ಯಾನ್ಸರನ್ನು ಡಾಕ್ಟರುಗಳು ಎರಡು ಗುಂಪು ಮಾಡ್ತಾರೆ: ಹಾಡ್ಜ್‌ಕಿನ್, ಇಲ್ಲವೇ ನಾನ್-ಹಾಡ್ಜ್‌ಕಿನ್. ಅಂದ್ರೆ ತಮ್ಮದಲ್ಲದ ಕಾಯಿಲೆಗೂ ಈ ಮನುಷ್ಯನದೇ ಹೆಸರು! ಆದರೆ ಬದುಕಿದ್ದಾಗ ಥಾಮಸ್ ಹಾಡ್ಜ್‌ಕಿನ್ ತಾವೇ ದುಡಿದ ಆಸ್ಪತ್ರೆಯಲ್ಲಿ ಒಂದು ಹುದ್ದೆ ಸಿಗದೆ ಹೊರಬಿದ್ದರು.

ಹುಟ್ಟಿದ್ದು 1798ರಲ್ಲಿ, ಲಂಡನ್ನಿನ ಕ್ವೇಕರ್ ಮನೆತನದಲ್ಲಿ. ಸರಳ ಉಡುಪು, ಯಾರೆದುರೂ ತಲೆಬಾಗದ ಪಂಥ ಅದು. ಓದಿದ್ದು ಎಡಿನ್‌ಬರೋದಲ್ಲಿ. ನಡುವೆ ಪ್ಯಾರಿಸ್ಸಿಗೆ ಹೋಗಿ, ಸ್ಟೆತೊಸ್ಕೋಪ್ ಕಂಡುಹಿಡಿದ ಲೆನೆಕ್ ಬಳಿ ಕಲಿತರು. ಲಂಡನ್ನಿಗೆ ವಾಪಸಾಗಿ ಅದರ ಉಪಯೋಗವನ್ನು ಗೈಸ್ ಆಸ್ಪತ್ರೆಯವರಿಗೆ ತೋರಿಸಿಕೊಟ್ಟರು.

ಗೈಸ್‌ನಲ್ಲಿ ಅವರಿಗೆ ಸಿಕ್ಕ ಕೆಲಸ ಶವಪರೀಕ್ಷೆ ಮತ್ತು ಮ್ಯೂಸಿಯಂ ಉಸ್ತುವಾರಿ. ಯಾರಿಗೂ ಬೇಡದ ಕೆಲಸ ಬಿಡಿ. ಅವರು ಮಾತ್ರ ಒಂದೊಂದೇ ಅಂಗ ತೆಗೆದಿಟ್ಟು, ಪಟ್ಟಿ ಬರೆದು, ಹೋಲಿಸಿ ನೋಡ್ತಾ ಹೋದರು. ಹಾಗೆ ನೋಡುವಾಗ ಕೆಲವು ದೇಹಗಳಲ್ಲಿ ದುಗ್ಧ ಗ್ರಂಥಿಗಳೂ ಗುಲ್ಮವೂ ಒಂದೇ ರೀತಿ ಊದಿಕೊಂಡಿದ್ದವು. ಆ ಕಾಲದಲ್ಲಿ ಗಂಟು ಊದಿದರೆ ಕ್ಷಯವೋ ಬೇರೆಲ್ಲಿಂದಲೋ ಹಬ್ಬಿದ ಉರಿಯೂತವೋ ಎಂದು ಮುಗಿಸಿಬಿಡುತ್ತಿದ್ದರು. ಇದು ಆ ಗ್ರಂಥಿಗಳಲ್ಲೇ ಹುಟ್ಟುವ ಬೇರೆಯದೇ ಕಾಯಿಲೆ ಇರಬಹುದು ಎಂದು ಹಾಡ್ಜ್‌ಕಿನ್ ಕಂಡುಕೊಂಡರು, ಅದೂ ಬರಿಗಣ್ಣಲ್ಲಿ. 1832ರ ಜನವರಿಯಲ್ಲಿ 7 ಜನರ ವಿವರ ಸೇರಿಸಿದ ಅವರ ಪ್ರಬಂಧವನ್ನು ವೈದ್ಯರ ಸಂಘವೊಂದರಲ್ಲಿ ಓದಲಾಯಿತು. ಅವರು ಸದಸ್ಯರಲ್ಲದ್ದರಿಂದ ಬೇರೊಬ್ಬರು ಓದಬೇಕಾಯಿತು. ಹೆಚ್ಚು ಜನ ಕಿವಿಗೊಡಲಿಲ್ಲ.

ಪೆಟ್ಟು ಬಿದ್ದದ್ದು 1837ರಲ್ಲಿ. ಗೈಸ್‌ನಲ್ಲಿ ಸಹಾಯಕ ವೈದ್ಯರ ಹುದ್ದೆ ಖಾಲಿಯಾಯಿತು. ಅರ್ಹತೆಯಲ್ಲಿ ಹಾಡ್ಜ್‌ಕಿನ್ ಮುಂದಿದ್ದರು. ಆದರೆ ಆಸ್ಪತ್ರೆಯ ಖಜಾಂಚಿ ಬೆಂಜಮಿನ್ ಹ್ಯಾರಿಸನ್, ಅಲ್ಲಿ ಅವರ ಮಾತೇ ಕೊನೆ, ಹಡ್ಸನ್ಸ್ ಬೇ ಕಂಪನಿಯ ಆಡಳಿತದಲ್ಲೂ ಇದ್ದರು. ಉತ್ತರ ಅಮೆರಿಕದ ಮೂಲನಿವಾಸಿಗಳನ್ನು ಆ ತುಪ್ಪಳದ ವ್ಯಾಪಾರ ಹೇಗೆ ಹಾಳುಮಾಡ್ತಿದೆ ಎಂದು ಹಾಡ್ಜ್‌ಕಿನ್ ಅದೇ ಹ್ಯಾರಿಸನ್‌ಗೇ ಬರೆದು ತಿಳಿಸಿದ್ದರು. ಯಜಮಾನನ ಲಾಭದ ಲೆಕ್ಕವನ್ನು ಯಜಮಾನನಿಗೇ ತೋರಿಸಿದರೆ ಏನಾಗುತ್ತೋ ಅದೇ ಆಯ್ತು. ಹುದ್ದೆ ಬೆಂಜಮಿನ್ ಬ್ಯಾಬಿಂಗ್ಟನ್ ಪಾಲಾಯಿತು, ಹಾಡ್ಜ್‌ಕಿನ್ ರಾಜೀನಾಮೆ ಕೊಟ್ಟು ಹೊರನಡೆದರು. ಅದೇ ವರ್ಷ ಮೂಲನಿವಾಸಿಗಳ ರಕ್ಷಣೆಗಾಗಿ ಶುರುವಾದ ಸಂಘದ ಸ್ಥಾಪಕರಲ್ಲಿ ಅವರೂ ಒಬ್ಬರು.

ಅವರು ಎಲ್ಲದರಲ್ಲೂ ಸರಿ ಇದ್ದರು ಅಂತಲ್ಲ. ಬಿಡುಗಡೆಯಾದ ಕರಿಯರನ್ನು ಅಮೆರಿಕದಿಂದ ಲೈಬೀರಿಯಾಕ್ಕೆ ಕಳಿಸುವ ಯೋಜನೆಯನ್ನು ಬೆಂಬಲಿಸಿದರು. ಗುಲಾಮಗಿರಿಯ ವಿರೋಧಿಗಳಲ್ಲೇ ಅನೇಕರಿಗೆ ಅದು ಅನ್ಯಾಯವೆನಿಸಿತ್ತು. ನನಗೂ ಹಾಗೇ ಅನಿಸುತ್ತದೆ. ಇನ್ನು ವೈದ್ಯವೃತ್ತಿಯಲ್ಲಿ, ಬಡವರಿಂದ ಹಣ ಪಡೆಯಲು ಹಿಂಜರಿಯುತ್ತಿದ್ದರು. ಸಂಪಾದನೆ ಅಷ್ಟಕ್ಕಷ್ಟೇ.

1865ರಲ್ಲಿ ಗೈಸ್‌ನವರೇ ಆದ ಸ್ಯಾಮ್ಯುಯಲ್ ವಿಲ್ಕ್ಸ್ ಈ ಕಾಯಿಲೆಗೆ ಹಾಡ್ಜ್‌ಕಿನ್ ಹೆಸರಿಟ್ಟರು. ವಿಲ್ಕ್ಸ್ ಕೂಡ ಅದನ್ನು ತಾವಾಗಿಯೇ ಗುರುತಿಸಿದ್ದರು, ಆಮೇಲಷ್ಟೇ ಹಳೆಯ ಪ್ರಬಂಧ ಕಣ್ಣಿಗೆ ಬಿದ್ದಿತ್ತು. 1926ರಲ್ಲಿ, ಗೈಸ್‌ನಲ್ಲಿ ಉಳಿದಿದ್ದ ಅಂಗಾಂಶಗಳನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಎಲ್ಲವೂ ಒಂದೇ ಕಾಯಿಲೆಯಲ್ಲ ಎಂದು ಗೊತ್ತಾಯಿತು. ಆದರೂ ಕೆಲವು ನಿಜಕ್ಕೂ ಅವರು ಹೇಳಿದ ಕಾಯಿಲೆಯೇ.

ಗಂಟು ಕಂಡರೆ ಸುಲಭ. ಲಿಂಫೋಮಾ ಕೈಕಾಲಿನ ನರಗಳೊಳಗೇ ಹೊಕ್ಕುಬಿಡುವುದೂ ಉಂಟು, ನ್ಯೂರೋಲಿಂಫೋಮಟೋಸಿಸ್ ಅಂತಾರೆ. ಬಹಳ ಅಪರೂಪ, ಹೆಚ್ಚಾಗಿ ನಾನ್-ಹಾಡ್ಜ್‌ಕಿನ್ ಗುಂಪಿನದು. ನೋವು, ಜೋಮು, ಬಲ ಕುಂದುವುದು. ಸಕ್ಕರೆ ಕಾಯಿಲೆಯದ್ದೋ ಬೆನ್ನುಮೂಳೆಯದ್ದೋ ಅಂದುಕೊಂಡು ತಿಂಗಳುಗಳು ಕಳೆದುಹೋಗಬಹುದು. ಎಂಆರ್‌ಐ, ಪೆಟ್ ಸ್ಕ್ಯಾನ್ ಸುಳಿವು ಕೊಡುತ್ತವೆ. ನರದ ಚೂರು ತೆಗೆದು ಪರೀಕ್ಷಿಸಿದರೂ ಕೆಲವೊಮ್ಮೆ ಸಿಕ್ಕಿಬೀಳದು. ಬೇರೇನೋ ಇರಬೇಕು ಎಂದು ಮುಗಿಸಿಬಿಡುವ ಚಾಳಿ 1832ಕ್ಕೇ ಮುಗಿಯಲಿಲ್ಲ.

ಇದನ್ನೆಲ್ಲ ಕಾಣಲು ಹಾಡ್ಜ್‌ಕಿನ್ ಇರಲಿಲ್ಲ. ಕಾಯಿಲೆಗೆ ಹೆಸರಿಟ್ಟ ಮರುವರ್ಷವೇ, 1866ರಲ್ಲಿ, ಗೆಳೆಯ ಮೋಸೆಸ್ ಮಾಂಟೆಫಿಯೋರ್ ಜೊತೆ ಪ್ಯಾಲೆಸ್ಟೈನ್‌ಗೆ ಹೊರಟರು. ಜಾಫಾದಲ್ಲಿ ರಕ್ತಭೇದಿ ಹಿಡಿಯಿತು. ಮಾಂಟೆಫಿಯೋರ್ ಜೆರುಸಲೇಮಿಗೆ ಮುಂದುವರಿದರು, ಹಾಡ್ಜ್‌ಕಿನ್ ಏಪ್ರಿಲ್ ಮೊದಲ ವಾರ ಜಾಫಾದಲ್ಲೇ ತೀರಿಕೊಂಡರು. ಸಮಾಧಿಯೂ ಅಲ್ಲೇ ಇದೆ. ಕಲ್ಲು ಹಾಕಿಸಿದ್ದು ಆ ಗೆಳೆಯ.