ಕೆಣಕಿ ಕೆಟ್ಟ ಕವಿ: ಲೆರ್ಮಂತೋವ್

19ನೆಯ ಶತಮಾನದ ರಷ್ಯನ್ ಕಥಾಸಾಹಿತ್ಯದಲ್ಲಿ ಘೋರವಾದ ಕಲಹಗಳು ಅನೇಕ ವೇಳೆ ಅತ್ಯಲ್ಪ ಕಾರಣದಿಂದ ಹುಟ್ಟುತ್ತವೆ. ನೆಲವೂ ಬೇಡ, ಹೊನ್ನೂ ಬೇಡ. ಒಂದು ಕೊಂಕುಮಾತು, ಒಂದು ಕಿರುನಗೆ ಸಾಕು. ಪುಷ್ಕಿನ್ನನ ಒನೇಗಿನ್, ತನ್ನನ್ನು ಒಲ್ಲದ ಔತಣಕ್ಕೆ ಎಳೆತಂದನೆಂಬ ಸಿಡುಕಿನಿಂದ ಗೆಳೆಯನ ಪ್ರೇಯಸಿಯೊಡನೆ ಬೇಕೆಂದೇ ನರ್ತಿಸಿ, ಕೊನೆಗೆ ಆ ಗೆಳೆಯನನ್ನೇ ಕೊಲ್ಲುತ್ತಾನೆ. ದಾಸ್ತೊಯೆವ್‌ಸ್ಕಿಯ ಸ್ತಾವ್ರೋಗಿನ್ ತುಂಬಿದ ಸಭೆಯಲ್ಲಿ ಹಿರಿಯನೊಬ್ಬನ ಮೂಗು ಹಿಡಿದೆಳೆಯುತ್ತಾನೆ. ಕಾಲದಲ್ಲಿ ಈ ಇಬ್ಬರು ಲೇಖಕರ ನಡುವೆ ನಿಂತವನು ಮಿಖಾಯಿಲ್ ಲೆರ್ಮಂತೋವ್. ಕೆಣಕುವವನ ಅಂತರಂಗವನ್ನು ಅವನಷ್ಟು ಆಳವಾಗಿ ಬಲ್ಲವರು ವಿರಳ. ಆ ಅರಿವು ಅವನ ಪ್ರಾಣವನ್ನು ಮಾತ್ರ ಉಳಿಸಲಿಲ್ಲ.

ಅವನು ಹುಟ್ಟಿದುದು 1814ರ ಅಕ್ಟೋಬರಿನಲ್ಲಿ, ಮಾಸ್ಕೋ ನಗರದಲ್ಲಿ. ಎರಡೂವರೆ ವರ್ಷದ ಮಗುವಾಗಿದ್ದಾಗಲೇ ತಾಯಿ ತೀರಿಕೊಂಡಳು. ಸಿರಿವಂತೆಯಾದ ಅಜ್ಜಿ ಎಲಿಜವೇತಾ ಆರ್ಸೆನ್ಯೆವಾ ಮೊಮ್ಮಗನನ್ನು ಪೆಂಜಾ ಪ್ರಾಂತದ ತರ್ಖಾನಿಯಲ್ಲಿದ್ದ ತನ್ನ ಜಮೀನಿನಲ್ಲಿ ಸಾಕಿದಳು. ಬಡ ನಿವೃತ್ತ ಸೇನಾನಿಯಾದ ತಂದೆಗೂ ಅಜ್ಜಿಗೂ ಸರಿಬರಲಿಲ್ಲ. ಬಾಲಕ ತನ್ನ ಬಳಿ ಬೆಳೆದರೆ ಮಾತ್ರ ಆಸ್ತಿ ಅವನದು ಎಂದು ಅಜ್ಜಿ ಷರತ್ತು ಹಾಕಿದಳು, ತಂದೆ ದೂರವಾದ. ಪ್ರೀತಿಯೂ ಒಂದು ಹೋರಾಟವೆಂಬ ಪಾಠವನ್ನು ಅವನು ಹೀಗೆ ತೊಟ್ಟಿಲಿನಿಂದಲೇ ಕಲಿತ.

ಮಾಸ್ಕೋ ವಿಶ್ವವಿದ್ಯಾನಿಲಯವನ್ನು ಅರ್ಧಕ್ಕೆ ತೊರೆದು, 1832ರಲ್ಲಿ ಪೀಟರ್ಸ್‌ಬರ್ಗಿನ ಅಶ್ವದಳದ ಶಾಲೆಯನ್ನು ಸೇರಿದ. ಎರಡು ವರ್ಷಗಳ ನಂತರ ರಾಜರಕ್ಷಕ ದಳದಲ್ಲಿ ಅಧಿಕಾರಿಯಾದ. ಸಹಪಾಠಿಗಳು ಅವನ ಹರಿತವಾದ ನಾಲಗೆಗೆ ಅಂಜುತ್ತಿದ್ದರು. ಅವರಲ್ಲಿ ನಿಕೊಲಾಯ್ ಮಾರ್ತಿನೋವ್ ಎಂಬವನೂ ಒಬ್ಬ. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು.

1837ರ ಆರಂಭದಲ್ಲಿ ಪುಷ್ಕಿನ್ ದ್ವಂದ್ವಯುದ್ಧದಲ್ಲಿ ಗಾಯಗೊಂಡು ಮಡಿದ. ಇಪ್ಪತ್ತೆರಡರ ಲೆರ್ಮಂತೋವ್ ಬರೆದ ಶೋಕಗೀತೆ ಕೈಬರಹದ ಪ್ರತಿಗಳಲ್ಲಿ ನಗರವೆಲ್ಲ ಹರಡಿತು. ಸತ್ತವನನ್ನೇ ದೂರುವವರ ಮಾತು ಕಿವಿಗೆ ಬಿದ್ದಾಗ ಅವನು ಮತ್ತೆ ಹದಿನಾರು ಸಾಲುಗಳನ್ನು ಸೇರಿಸಿದ. ಕವಿಯ ಸಾವಿಗೆ ಹೊಣೆ ಒಬ್ಬ ವಿದೇಶೀ ಯುವಕನಷ್ಟೇ ಅಲ್ಲ, ಸಿಂಹಾಸನವನ್ನು ಸುತ್ತುವರಿದ ಗಣ್ಯರೂ ಹೌದೆಂಬುದು ಅವುಗಳ ಆಶಯ. ಚಕ್ರವರ್ತಿ ಒಂದನೆಯ ನಿಕೊಲಾಸ್ ಅವನನ್ನು ಬಂಧಿಸಿ, ಕಾಕಸಸ್ ಪರ್ವತಸೀಮೆಯ ಸೇನೆಗೆ ಅಟ್ಟಿದ. ಇದೂ ಕೆಣಕುವಿಕೆಯೇ. ಆದರೆ ನ್ಯಾಯಕ್ಕಾಗಿ, ಬಲಿಷ್ಠರನ್ನು, ತನ್ನ ತಲೆಯನ್ನೇ ಪಣವಾಗಿಟ್ಟು ಕೆಣಕಿದುದು. ಅವನ ಕೀರ್ತಿ ಮೊದಲಾದುದು ಆ ದಿನದಿಂದ.

ಮರುವರ್ಷ ಅಜ್ಜಿಯ ಬಿನ್ನಹದಿಂದ ರಾಜಧಾನಿಗೆ ಮರಳಿದ. ಆದರೆ ಅರಸನ ಕಣ್ಗಾವಲಿನಲ್ಲಿ ಗಟ್ಟಿಯಾಗಿ ಆಡಬಹುದಾದ ಮಾತೇನೂ ಉಳಿದಿರಲಿಲ್ಲ. 1840ರಲ್ಲಿ ಫ್ರೆಂಚ್ ರಾಯಭಾರಿಯ ಮಗನಾದ ಬಾರಾಂತನೊಡನೆ ಜಗಳವಾಯಿತು. ಮೊದಲು ಕತ್ತಿ, ಅನಂತರ ಪಿಸ್ತೂಲು; ಎದುರಾಳಿಯ ಗುಂಡು ಗುರಿತಪ್ಪಿತು, ಇವನು ಬೇಕೆಂದೇ ಬೇರೆಡೆಗೆ ಹಾರಿಸಿದ. ಆ ಔದಾರ್ಯವನ್ನು ಎದುರಾಳಿ ಅಲ್ಲಗಳೆದನೆಂದು ಸೆರೆಯಲ್ಲಿದ್ದಾಗ ಕೇಳಿ, ಅವನನ್ನು ಅಲ್ಲಿಗೇ ಕರೆಸಿ ಮತ್ತೊಮ್ಮೆ ಹೋರಾಡಲು ಸಿದ್ಧನೆಂದ! ಫಲವಾಗಿ ಎರಡನೆಯ ಗಡೀಪಾರು.

ಅದೇ ವರ್ಷ ಅವನ ಕಾದಂಬರಿ 'ನಮ್ಮ ಕಾಲದ ನಾಯಕ' ಪ್ರಕಟವಾಯಿತು. ಐದು ಕಥೆಗಳ ಆ ಕೃತಿಯ ನಾಯಕ ಪೆಚೋರಿನ್ ಬುದ್ಧಿವಂತ, ಧೀರ. ಆದರೆ ಬೇಸರದ ರೋಗಿ. ಪ್ಯಾಟಿಗೋರ್ಸ್ಕ್ ಎಂಬ ಆರೋಗ್ಯಧಾಮದಲ್ಲಿ ಅವನಿಗೆ ಗ್ರುಶ್ನಿಟ್ಸ್ಕಿ ಎಂಬ ತರುಣ ಸಿಗುತ್ತಾನೆ. ದಪ್ಪ ಸಿಪಾಯಿ ಮೇಲಂಗಿ ತೊಟ್ಟು ದುಃಖಿತ ವೀರನಂತೆ ನಟಿಸುವವನು. ಆ ವೇಷವನ್ನು ಕಂಡರೆ ಪೆಚೋರಿನ್ನನಿಗೆ ಸಹನೆಯಿಲ್ಲ. ಗ್ರುಶ್ನಿಟ್ಸ್ಕಿ ಮೆಚ್ಚಿದ ರಾಜಕುಮಾರಿಯ ಮನಸ್ಸನ್ನು, ತಾನು ಪ್ರೀತಿಸದಿದ್ದರೂ, ಸೆಳೆಯುತ್ತಾನೆ. ಅವಮಾನಿತನು ಸಂಗಡಿಗರ ಜತೆ ಸೇರಿ, ಪೆಚೋರಿನ್ನನಿಗೆ ಗುಂಡಿಲ್ಲದ ಪಿಸ್ತೂಲು ಕೊಡುವ ಸಂಚು ಹೂಡುತ್ತಾನೆ. ಪ್ರಪಾತದ ಅಂಚಿನಲ್ಲಿ ಸಂಚು ಬಯಲಾಗುತ್ತದೆ. ತಪ್ಪೊಪ್ಪಿಕೊಂಡರೆ ಕ್ಷಮಿಸುವೆನೆಂದರೂ ಗ್ರುಶ್ನಿಟ್ಸ್ಕಿ ಒಪ್ಪುವುದಿಲ್ಲ. ಪೆಚೋರಿನ್ನನ ಗುಂಡಿಗೆ ಬಲಿಯಾಗುತ್ತಾನೆ. ಇಲ್ಲಿ ಲೇಖಕನ ನೋಟ ನಿರ್ದಯವಾದುದು. ಕೆಣಕುವವನು ತಾನು ಪರರ ಸುಳ್ಳನ್ನು ಬಯಲಿಗೆಳೆಯುತ್ತಿದ್ದೇನೆಂದು ನಂಬುತ್ತಾನೆ. ನಿಜದಲ್ಲಿ ತನ್ನೊಳಗಿನ ಶೂನ್ಯವನ್ನು ತುಂಬಿಕೊಳ್ಳುತ್ತಿರುತ್ತಾನೆ. ಗೆದ್ದ ಪೆಚೋರಿನ್ನನಿಗೆ ಗೆಲುವಿನಲ್ಲಿ ಯಾವ ಸುಖವೂ ಇಲ್ಲ.

ನಾಯಕನೂ ಲೇಖಕನೂ ಒಬ್ಬರೇ ಎಂದು ವಿಮರ್ಶಕರು ಕೆಲವರು ಬಗೆದರು. 1841ರ ಎರಡನೆಯ ಮುದ್ರಣದ ಮುನ್ನುಡಿಯಲ್ಲಿ ಲೆರ್ಮಂತೋವ್ ಆ ಮಾತನ್ನು ಗೇಲಿಮಾಡಿ, ಇದು ಇಡೀ ತಲೆಮಾರಿನ ದೋಷಗಳಿಂದ ರಚಿಸಿದ ಚಿತ್ರವೆಂದು ತಿಳಿಸಿದ. ಅವನನ್ನು ಪೆಚೋರಿನ್ ಎಂದೇ ಎಣಿಸುವುದು ಅನ್ಯಾಯ. 1840ರ ವಲೆರಿಕ್ ನದಿಯ ಕದನದಲ್ಲಿ ಮುಂದೆ ನಿಂತು ಕಾದಿದವನು, ಆ ರಕ್ತಪಾತವನ್ನು ಕಂಡು ಮನುಷ್ಯರು ಏತಕ್ಕೆ ಹೀಗೆ ಕಾದುವರೆಂದು ಕವಿತೆಯಲ್ಲಿ ಮರುಗಿದವನು ಅವನು. ಮೇಲಧಿಕಾರಿಗಳು ಶಿಫಾರಸು ಮಾಡಿದ ಗೌರವವನ್ನು ಅರಸ ನಿರಾಕರಿಸಿದ.

1841ರ ಬೇಸಗೆಯಲ್ಲಿ ಅವನು ತನ್ನ ಕಾದಂಬರಿಯ ಊರಾದ ಪ್ಯಾಟಿಗೋರ್ಸ್ಕಿಗೇ ಬಂದ. ಅಲ್ಲಿ ಮಾರ್ತಿನೋವ್ ಇದ್ದ. ಸೇನೆಯಿಂದ ನಿವೃತ್ತನಾಗಿ, ಸರ್ಕೇಶಿಯನ್ ಉಡುಪು ಧರಿಸಿ, ಸೊಂಟಕ್ಕೆ ಉದ್ದನೆಯ ಕಠಾರಿ ಸಿಕ್ಕಿಸಿ ತಿರುಗುತ್ತಿದ್ದ. ಲೆರ್ಮಂತೋವ್ ಅವನನ್ನು ಮಾತಿನಿಂದಲೂ ವ್ಯಂಗ್ಯಚಿತ್ರಗಳಿಂದಲೂ ಚುಚ್ಚಿದ. ಜನರಲ್ ವೆರ್ಜಿಲಿನ್ ಅವರ ಮನೆಯ ಸಂಜೆಕೂಟದಲ್ಲಿ ಪಿಯಾನೊ ಥಟ್ಟನೆ ನಿಂತಿತು. ಆ ಮೌನದಲ್ಲಿ ಕಠಾರಿ ಎಂಬ ಮಾತು ಎಲ್ಲರಿಗೂ ಕೇಳಿಸಿತೆಂದು ಅಲ್ಲಿದ್ದವರ ನೆನಪು. ಮಾತು ಮನೆ ಕೆಡಿಸಿತು ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ಹಳೆಯ ಪಂಚಾಂಗದ ಜುಲೈ 15ರಂದು, ಇಂದಿನ ಗಣನೆಯಲ್ಲಿ 27ರಂದು, ಮಾಷುಕ್ ಬೆಟ್ಟದ ತಪ್ಪಲಿನಲ್ಲಿ ಇಬ್ಬರೂ ಎದುರುಬದುರಾದರು. ಲೆರ್ಮಂತೋವ್ ಎದುರಾಳಿಗೆ ಗುಂಡು ಹಾರಿಸಲಿಲ್ಲವೆಂದು ಸಾಕ್ಷಿಗಳು ಹೇಳಿದರು. ಮಾರ್ತಿನೋವ್ ಹಾರಿಸಿದ. ಕವಿಗೆ ಇಪ್ಪತ್ತಾರು ವರ್ಷ. ಕೊಂದವನಿಗೆ ಮೂರು ತಿಂಗಳ ಸೆರೆ, ಚರ್ಚಿನ ಪ್ರಾಯಶ್ಚಿತ್ತ. ಅಜ್ಜಿ ಮೊಮ್ಮಗನ ದೇಹವನ್ನು 1842ರಲ್ಲಿ ತರ್ಖಾನಿಗೆ ತರಿಸಿಕೊಂಡಳು.

ಅಂದಿನ ರಷ್ಯದಲ್ಲಿ ಅರಸನ ಎದುರು ತೆರೆದ ಮಾತಿಗೆ ಎಡೆಯಿರಲಿಲ್ಲ. ಮೇಲಕ್ಕೆ ಚಾಚಲಾರದ ಮಾತಿನ ಅಲಗು ಪಕ್ಕದವನತ್ತ ತಿರುಗಿತು. ಸಿಂಹಾಸನದ ಸುತ್ತಲಿನವರನ್ನು ಕೆಣಕಿದವನು ಕೊನೆಗೆ ಒಬ್ಬ ಗೆಳೆಯನ ಕಠಾರಿಯನ್ನು ಕೆಣಕಿ ಮಡಿದ. ಗ್ರುಶ್ನಿಟ್ಸ್ಕಿಯ ಮೇಲಂಗಿಯ ಹಿಂದೆ ನೋಯಬಲ್ಲ ಹೃದಯವೊಂದಿತ್ತೆಂದು ಕಾದಂಬರಿಯಲ್ಲಿ ಬರೆದವನೇ, ಮಾರ್ತಿನೋವ್‌ನ ಕಠಾರಿಯ ಹಿಂದೆ ಅದನ್ನು ಕಾಣದೆ ಹೋದ. ಕಲೆಯಲ್ಲಿ ಪಡೆದ ಅರಿವು ಬಾಳಿಗೆ ತಾನಾಗಿ ಇಳಿದು ಬರುವುದಿಲ್ಲ; ಅದನ್ನು ಇಳಿಸಿಕೊಳ್ಳುವುದು ಬೇರೆಯೇ ಸಾಧನೆ. ಆ ಸಾಧನೆಗೆ ಲೆರ್ಮಂತೋವ್‌ನಿಗೆ ಕಾಲ ಒದಗಲಿಲ್ಲ.